ಜಿಲ್ಲೆ: ಕಡಲಿನಿಂದ ಬಂದ ಪದವೋ, ಕಚೇರಿಯಿಂದ ಬಂದದ್ದೋ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ. ಮಗಳು ಕುಂಬಳೆ ಉಪಜಿಲ್ಲಾ ಕಲೋತ್ಸವ ಮುಗಿಸಿ ಬಂದವಳು, ‘ಜಿಲ್ಲೆ ಅಂದರೆ ಕನ್ನಡವಾ, ಮಲಯಾಳವಾ?’ ಅಂತ ಕೇಳಿದಳು. ಅದು ಅರಬ್ಬಿ ಪದ ಎಂದು ನೆರೆಮನೆಯವರು ಹೇಳಿದರು. ಹಾಗಾದರೆ ಅರಬ್ಬಿ ವ್ಯಾಪಾರಿಗಳು ನಮ್ಮ ಕರಾವಳಿಗೆ ತಂದ ಪದವೇ? ಅಜ್ಜನ ಕಾಲದ ಜಾಗದ ಪತ್ರದಲ್ಲಿ ಜಿಲ್ಲೆ, ತಾಲೂಕು ಎಂಬುದರ ಜೊತೆ ‘ಮಾಗಣೆ’ ಅಂತಲೂ ಇದೆ. ಅದೇನು? ಇವೆಲ್ಲ ಬರುವ ಮೊದಲು ನಮ್ಮದೇ ಪದ ಇರಲಿಲ್ಲವೇ?

ಉತ್ತರ: ನಿಮ್ಮ ನೆರೆಮನೆಯವರು ಹೇಳಿದ್ದು ಸರಿ. ಜಿಲ್ಲೆ ಹುಟ್ಟಿನಲ್ಲಿ ಅರಬ್ಬಿ ಪದ. ಆದರೆ ಅದನ್ನು ತಂದವರು ಅರಬ್ಬಿ ವ್ಯಾಪಾರಿಗಳಲ್ಲ. ಅವರು ಸಾವಿರಕ್ಕೂ ಜಾಸ್ತಿ ವರ್ಷದಿಂದ ಈ ತೀರಕ್ಕೆ ಬಂದು ಹೋಗುತ್ತಿದ್ದರು, ಎಷ್ಟೋ ಪದಗಳನ್ನು ಇಲ್ಲಿ ಬಿಟ್ಟೂ ಹೋದರು. ಈ ಪದ ಮಾತ್ರ ಪರ್ಷಿಯನ್ ಕಚೇರಿಗಳನ್ನು ಹಾದು, ಉತ್ತರದಿಂದ ನೆಲದ ದಾರಿಯಲ್ಲಿ ಸುತ್ತಿಕೊಂಡು ಬಂತು. ಅಷ್ಟು ಖಡಾಖಂಡಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಬಹುದು. ಸಾಕ್ಷಿ ಪದದ ಮೊದಲ ಅಕ್ಷರದಲ್ಲೇ ಇದೆ. ಅದನ್ನು ಬೆಂಗಳೂರಿನವರಿಗೆ ವಿವರಿಸುವುದು ಸ್ವಲ್ಪ ಕಷ್ಟ. ಕಾಸರಗೋಡಿನವರಿಗೆ ಸುಲಭ, ಯಾಕೆಂದರೆ ಎರಡು ದಾರಿಯ ಪದಗಳೂ ನಿಮ್ಮ ಕಿವಿಗೆ ದಿನಾ ಬೀಳುತ್ತವೆ.

ಮೊದಲು ಅರ್ಥ ನೋಡೋಣ. ಅರಬ್ಬಿಯ ಮೂಲ ರೂಪ ನಮ್ಮ ಲಿಪಿಯಲ್ಲಿ ಸುಮಾರಾಗಿ ‘ದಿಲಅ’ ಎಂದಾಗುತ್ತದೆ. ಅರ್ಥ ಪಕ್ಕೆಲುಬು. ಪಕ್ಕೆಲುಬಿನಿಂದ ಪಕ್ಕ, ಬದಿ ಎಂಬ ಅರ್ಥ ಬಂತು. ಗಣಿತದಲ್ಲಿ ತ್ರಿಕೋನದ ಬಾಹುವಿಗೂ ಅದೇ ಪದ. ಎಲುಬಿಗೂ ಬದಿಗೂ ಏನು ಸಂಬಂಧ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಾವು ಕೂಡ ‘ಪಕ್ಕೆ ಹಿಡಿದಿದೆ’ ಎನ್ನುತ್ತೇವೆ, ‘ಪಕ್ಕದ ಮನೆ’ ಎನ್ನುತ್ತೇವೆ. ಪಕ್ಕೆ, ಪಕ್ಕ ಎರಡೂ ಒಂದೇ ಬೇರಿನವು. ಅರಬ್ಬಿಯಲ್ಲಿ ನಡೆದದ್ದೂ ಇದೇ. ಆಮೇಲೆ ಪರ್ಷಿಯನ್ನಿನಲ್ಲಿ, ಅದಕ್ಕಿಂತ ಜಾಸ್ತಿ ಹಿಂದೂಸ್ತಾನದ ಪರ್ಷಿಯನ್ನಿನಲ್ಲಿ, ನಾಡಿನ ಒಂದು ಬದಿ, ಒಂದು ಭಾಗ, ಒಂದು ಪ್ರದೇಶ ಎಂದು ಅರ್ಥ ಹಿಗ್ಗಿತು. ನಾವು ‘ಘಟ್ಟದ ಕಡೆಯವರು’ ಎಂದಾಗ ಕಡೆ ಎಂಬುದು ಹೇಗೆ ಒಂದು ಪ್ರದೇಶವಾಗುತ್ತದೋ ಹಾಗೆ.

ಪ್ರದೇಶ ಎಂಬ ಈ ಅರ್ಥ ಅರಬ್ಬರ ದೈನಂದಿನ ಮಾತಿನಲ್ಲಿಲ್ಲ. ಕಾಸರಗೋಡಿನಲ್ಲಿ ಮನೆಗೊಬ್ಬರು ಗಲ್ಫ್‌ನಲ್ಲಿದ್ದಾರೆ ಅಂದರೂ ನಡೆಯುತ್ತದೆ. ಅವರಲ್ಲಿ ಅರಬ್ಬಿ ಬಲ್ಲವರನ್ನು ಕೇಳಿ. ಅಲ್ಲಿನ ಆಡಳಿತ ವಿಭಾಗಗಳಿಗೆ ಮುಹಾಫಝ, ಮಿಂತಖ ಎಂಬಂಥ ಹೆಸರುಗಳಿವೆ. ‘ದಿಲಅ’ ಎಂದರೆ ಮಾಂಸದಂಗಡಿಯ ಪಕ್ಕೆ ತುಂಡೋ ಶಾಲೆಯ ತ್ರಿಕೋನವೋ ನೆನಪಾದೀತೇ ಹೊರತು ಕಲೆಕ್ಟರ್ ಕಚೇರಿ ನೆನಪಾಗದು. ಅಂದ ಮೇಲೆ ಅರಬ್ಬಿ ವ್ಯಾಪಾರಿ ಈ ಅರ್ಥವನ್ನು ಇಲ್ಲಿಗೆ ತರಲು ಹೇಗೆ ಸಾಧ್ಯ? ಅವನ ಬಳಿಯೇ ಅದು ಇರಲಿಲ್ಲ.

ಇನ್ನು ಉಚ್ಚಾರದ ಸಾಕ್ಷಿ. ಪದದ ಮೊದಲಿಗೆ ಇರುವುದು ‘ದಾದ್’ ಎಂಬ ಅಕ್ಷರ. ಬೇರೆಯವರ ಬಾಯಿಗೆ ಬಾರದ ಅಕ್ಷರ ಇದು ಎಂಬ ಹೆಮ್ಮೆಯಿಂದ ಅರಬ್ಬರು ತಮ್ಮ ಭಾಷೆಯನ್ನೇ ‘ದಾದ್ ಭಾಷೆ’ ಎಂದು ಕರೆದುಕೊಂಡಿದ್ದಾರೆ. ಇವತ್ತು ಅದು ದಪ್ಪನೆಯ ದ-ಡಗಳ ನಡುವಿನ ಸದ್ದು. ಹಿಂದೆ ಹಾಗಿರಲಿಲ್ಲ. 8ನೇ ಶತಮಾನದ ವ್ಯಾಕರಣಕಾರ ಸೀಬವೈಹಿ ಕೊಟ್ಟ ವಿವರಣೆ ನೋಡಿದರೆ, ನಾಲಗೆಯ ಬದಿಯಿಂದ ಹೊರಡುವ, ಲಕಾರದ ಛಾಯೆಯ ಸದ್ದು ಅದು. ಅರಬ್ಬರು ಆಳಿದ ಸ್ಪೇನ್‌ನಲ್ಲಿ ಊರಿನ ಮುಖ್ಯಸ್ಥನಿಗೆ ‘ಅಲ್ಕಾಲ್ದೆ’ ಎನ್ನುತ್ತಾರೆ. ಅದು ಅರಬ್ಬಿಯ ‘ಅಲ್ ಖಾದಿ’, ಅಂದರೆ ನಮ್ಮ ಖಾಜಿ. ನಡುವೆ ಲ ಎಲ್ಲಿಂದ ಬಂತು? ದಾದ್‌ನ ಹಳೆಯ ಸದ್ದು ಅಲ್ಲಿ ಉಳಿದುಕೊಂಡಿದೆ.

ಈಗ ನಮ್ಮ ತೀರಕ್ಕೆ ಬನ್ನಿ. ತಳಂಗರೆಯ ಮಾಪಿಳ್ಳೆ ಮನೆಯಲ್ಲಿ ಉಪವಾಸದ ತಿಂಗಳಿಗೆ ಏನೆನ್ನುತ್ತಾರೆ? ರಮಳಾನ್. ಕಡ್ಡಾಯ ಕರ್ತವ್ಯಕ್ಕೆ ಫರ್ಳ್. ಖಾಜಿಗೆ ಖಾಳಿ. ಮಲಯಾಳಂ ಪತ್ರಿಕೆಗಳಲ್ಲೂ ಹೀಗೆ ಬರೆಯುವುದುಂಟು. ದಾದ್ ಇಲ್ಲಿ ಳ ಆಗಿದೆ. ಕಡಲ ದಾರಿಯಲ್ಲಿ, ಅರಬ್ಬರ ಬಾಯಿಯಿಂದ ನೇರವಾಗಿ ಕೇಳಿ ಕಲಿತವರ ಉಚ್ಚಾರ ಇದು. ಮಂಗಳೂರು ದಾಟಿ ಘಟ್ಟ ಹತ್ತಿದರೆ ಅದೇ ತಿಂಗಳು ರಂಜಾನ್ ಆಗುತ್ತದೆ. ಪರ್ಷಿಯನ್ನರು ದಾದ್ ಅನ್ನು ಝ ಎಂದು ಓದಿದರು. ಉರ್ದು ಅದನ್ನೇ ಹಿಡಿಯಿತು. ಕನ್ನಡದ ಬಾಯಲ್ಲಿ ಆ ಝ ಸಲೀಸಾಗಿ ಜ ಆಯಿತು.

ಜಿಲ್ಲೆ ಇರುವುದು ಈ ರಂಜಾನ್ ಗುಂಪಿನಲ್ಲಿ. ಕಡಲಿನಿಂದ ಬಂದಿದ್ದರೆ ಅದು ‘ಳಿಲ’ ಎಂಬಂಥ ಏನೋ ಒಂದು ರೂಪದಲ್ಲಿ ಇರಬೇಕಿತ್ತು. ಮಲಯಾಳದಲ್ಲೂ ಅದು ಜಿಲ್ಲ ಎಂದೇ ಇದೆ. ರಮಳಾನ್ ಎನ್ನುವ ಬಾಯಿ ಕೂಡ ಕಲೆಕ್ಟರನ್ನು ಕರೆಯುವಾಗ ಜಿಲ್ಲಾ ಕಲೆಕ್ಟರ್ ಎಂದೇ ಹೇಳುತ್ತದೆ. ಮಸೀದಿಯ ಅರಬ್ಬಿ ಒಂದು ದಾರಿಯಲ್ಲಿ ಬಂತು, ಕಚೇರಿಯ ಅರಬ್ಬಿ ಇನ್ನೊಂದು ದಾರಿಯಲ್ಲಿ.

ಕಚೇರಿಯ ದಾರಿಯಲ್ಲಿ ಜಿಲ್ಲೆಯ ಜೊತೆ ಬಂದ ದಾದ್ ಪದಗಳನ್ನು ನೋಡಿದರೆ ತಮಾಷೆ ಎನಿಸುತ್ತದೆ. ಹುಜೂರಿಗೆ ಅರ್ಜಿ ಹಾಕುವುದು, ಹಾಜರಾಗುವುದು, ಜಾಮೀನು ಕೊಡುವುದು, ಜಪ್ತಿಯಾಗದಂತೆ ನೋಡಿಕೊಳ್ಳುವುದು, ಅಧಿಕಾರಿಯ ಮರ್ಜಿ ಕಾಯುವುದು, ಕೊನೆಗೆ ರಾಜಿ ಮಾಡಿಕೊಳ್ಳುವುದು. ಹುಜೂರು, ಅರ್ಜಿ, ಹಾಜರು, ಜಾಮೀನು, ಜಪ್ತಿ, ಮರ್ಜಿ, ರಾಜಿ: ಇವೆಲ್ಲದರ ಜಕಾರ ಅರಬ್ಬಿಯಲ್ಲಿ ದಾದ್. ಒಬ್ಬ ಬಡ ಕಕ್ಷಿದಾರನ ಇಡೀ ಬದುಕು ಈ ಒಂದು ಅಕ್ಷರದಲ್ಲೇ ಮುಗಿದುಹೋಗುತ್ತದೆ, ಅಲ್ವಾ?

ಹಾಗಾದರೆ ಜಿಲ್ಲೆಯನ್ನು ತಂದ ಕಚೇರಿ ಯಾರದ್ದು? ಮೊಗಲರದ್ದು ಎಂದು ಹಲವರು ಅಂದುಕೊಳ್ಳುತ್ತಾರೆ. ಪೂರ್ತಿ ಸರಿಯಲ್ಲ. ಅಕ್ಬರನ ಆಡಳಿತದಲ್ಲಿ ದೊಡ್ಡ ಪ್ರಾಂತ ಸುಬಾ, ಅದರ ಕೆಳಗೆ ಸರ್ಕಾರ್, ಅದರ ಕೆಳಗೆ ಪರಗಣೆ ಅಥವಾ ಮಹಲ್. ಇವತ್ತಿನ ಜಿಲ್ಲೆಯ ಜಾಗದಲ್ಲಿ ಇದ್ದದ್ದು ಸರ್ಕಾರ್. ಆಂಧ್ರದ ಕರಾವಳಿಗೆ ಉತ್ತರ ಸರ್ಕಾರ್‌ಗಳು ಎಂಬ ಹೆಸರು ಬಂದದ್ದು ಹೀಗೆ. ಅಲ್ಲಿ ಒಂದು ಪ್ರದೇಶದ ಹೆಸರಾಗಿದ್ದ ಸರ್ಕಾರ್ ಎಂಬ ಪದವೇ ನಮ್ಮಲ್ಲಿ ಆಳುವ ಸರಕಾರದ ಹೆಸರೂ ಹೌದು. ದಖ್ಖನ್ನಿನಲ್ಲಿ, ಅಂದರೆ 1347ರಲ್ಲಿ ಶುರುವಾದ ಬಹಮನಿ ರಾಜ್ಯದಲ್ಲಿ, ಪ್ರಾಂತಗಳಿಗೆ ತರಫ್ ಎನ್ನುತ್ತಿದ್ದರು. ಮೊದಲು ನಾಲ್ಕು ಇದ್ದವು. 15ನೇ ಶತಮಾನದಲ್ಲಿ ಮಂತ್ರಿ ಮಹಮೂದ್ ಗವಾನ್ ಅವನ್ನು ಎಂಟು ಮಾಡಿದ. ತರಫ್ ಎಂದರೂ ಅರಬ್ಬಿಯಲ್ಲಿ ಬದಿ, ಅಂಚು. ‘ನಮ್ಮ ತರಫಿನ ವಕೀಲರು’ ಎನ್ನುವಾಗ ನಾವು ಹೇಳುವುದು ಇದೇ ಪದವನ್ನು. ಬದಿ ಎಂಬ ಅರ್ಥದ ಎರಡು ಅರಬ್ಬಿ ಪದಗಳಲ್ಲಿ ಒಂದು ಪ್ರಾಂತದ ಪಟ್ಟದಿಂದ ಇಳಿದು ಕೋರ್ಟಿನ ಕಟ್ಟೆಗೆ ಬಂತು, ಇನ್ನೊಂದು ಪಟ್ಟಕ್ಕೆ ಏರಿತು.

ಏರಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ಸುಮ್ನೆ ಪ್ರದೇಶ, ಭಾಗ ಎಂಬ ಅರ್ಥದಲ್ಲಿ ಓಡಾಡಿಕೊಂಡಿದ್ದ ಪದವನ್ನು ಹಿಡಿದು ಅದಕ್ಕೆ ಗಡಿ, ಕೋರ್ಟು, ಮೊಹರು ಕೊಟ್ಟದ್ದು ಕಂಪನಿಯವರೇ. 1793ರಲ್ಲಿ ಕಾರ್ನ್‌ವಾಲಿಸ್ ಬಂಗಾಳದಲ್ಲಿ ಜಿಲ್ಲಾ ಕೋರ್ಟುಗಳ ವ್ಯವಸ್ಥೆ ಮಾಡಿದ. 1802ರಲ್ಲಿ ಮದ್ರಾಸಿನ ಆಡಳಿತಕ್ಕೂ ಅದೇ ಬಗೆಯ ಕಾನೂನು ಬಂತು. ಅದಕ್ಕೆ ಸ್ವಲ್ಪ ಮೊದಲು, 1799ರಲ್ಲಿ ಟಿಪ್ಪು ಬಿದ್ದ ಮೇಲೆ, ಕಾರವಾರದ ಕಡೆಯಿಂದ ತೃಕ್ಕರಿಪುರದವರೆಗಿನ ಕರಾವಳಿ ‘ಕೆನರಾ’ ಎಂಬ ಹೆಸರಿನಲ್ಲಿ ಕಂಪನಿಯ ಕೈ ಸೇರಿತ್ತು. ಅದರ ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಬೇಕಲ ತಾಲೂಕು ಅದರ ದಕ್ಷಿಣದ ತುದಿ. ಅದೇ ಮುಂದೆ ಕಾಸರಗೋಡು ತಾಲೂಕು ಆಯಿತು. ಹಾಗಾಗಿ ನಿಮ್ಮೂರಿನ ಮಟ್ಟಿಗೆ ಜಿಲ್ಲೆ ಎಂಬ ಪದ ಅಧಿಕೃತವಾಗಿ ಬೇರುಬಿಟ್ಟದ್ದು ಕಂಪನಿ ಕಾಲದಲ್ಲಿ. ಅರಬ್ಬಿಯ ಎಲುಬು, ಪರ್ಷಿಯನ್ ಉಚ್ಚಾರ, ಇಂಗ್ಲಿಷರ ಮೊಹರು.

ಇಂಗ್ಲಿಷರ ‘ಡಿಸ್ಟ್ರಿಕ್ಟ್’ ಏನು ಕಡಿಮೆಯದಲ್ಲ. ಅದು ಲ್ಯಾಟಿನ್‌ನಿಂದ ಬಂದದ್ದು. ಮೂಲದಲ್ಲಿ ಬಿಗಿಹಿಡಿ, ತಡೆ ಎಂಬ ಅರ್ಥದ ಕ್ರಿಯಾಪದ. ಮಧ್ಯಯುಗದ ಯುರೋಪಿನಲ್ಲಿ ಒಬ್ಬ ಒಡೆಯನಿಗೆ ಜನರನ್ನು ಹಿಡಿಸುವ, ಸೊತ್ತು ಜಪ್ತಿ ಮಾಡಿಸುವ ಅಧಿಕಾರ ಎಲ್ಲಿವರೆಗೆ ನಡೆಯುತ್ತದೋ ಅಷ್ಟು ನೆಲ ಅವನ ಡಿಸ್ಟ್ರಿಕ್ಟ್. ಅದರ ಪಕ್ಕದಲ್ಲಿಟ್ಟರೆ ನಮ್ಮ ಜಿಲ್ಲೆ ಎಷ್ಟೋ ಸಾಧು ಪದ.

ಕನ್ನಡಕ್ಕೆ ಬಂದ ಮೇಲೆ ಪದ ತನ್ನ ರೂಪವನ್ನು ಇಲ್ಲಿನ ವಾಡಿಕೆಗೆ ಒಗ್ಗಿಸಿಕೊಂಡಿತು. ಆಕಾರದಲ್ಲಿ ಮುಗಿಯುವ ಪರಭಾಷಾ ಪದಗಳನ್ನು ನಾವು ಎಕಾರಕ್ಕೆ ತಿರುಗಿಸುತ್ತೇವೆ: ಖಜಾನೆ, ಪರಗಣೆ, ಇಲಾಖೆ, ಜಿಲ್ಲೆ. ಸಮಾಸದಲ್ಲಿ ಮಾತ್ರ ಹಳೆಯ ಆಕಾರ ತಲೆಯೆತ್ತುತ್ತದೆ: ಜಿಲ್ಲಾ ಪಂಚಾಯತ್, ಜಿಲ್ಲಾಧಿಕಾರಿ. ಈ ಜಿಲ್ಲಾಧಿಕಾರಿ ನೋಡಿ, ಅರಬ್ಬಿ ಪದಕ್ಕೂ ಸಂಸ್ಕೃತ ಪದಕ್ಕೂ ಸವರ್ಣದೀರ್ಘ ಸಂಧಿ ಮಾಡಿಸಿಬಿಟ್ಟಿದ್ದಾರೆ! ಕಟ್ಟುನಿಟ್ಟಿನ ಪಂಡಿತರು ಒಪ್ಪಲಿಕ್ಕಿಲ್ಲ. ನನಗೆ ಅದರಲ್ಲಿ ಯಾವ ತಪ್ಪೂ ಕಾಣುವುದಿಲ್ಲ.

ತಾಲೂಕಿನ ಕಥೆ ಇದಕ್ಕಿಂತ ಚೆನ್ನಾಗಿದೆ. ಅರಬ್ಬಿಯಲ್ಲಿ ‘ತಅಲ್ಲುಕ್’ ಎಂದರೆ ಸಂಬಂಧ, ಒಂದಕ್ಕೆ ಅಂಟಿಕೊಂಡಿರುವುದು. ಮೂಲಧಾತುವಿನ ಅರ್ಥ ತೂಗುಬೀಳು, ಜೋತುಬೀಳು. ಒಬ್ಬ ಅಧಿಕಾರಿಗೋ ಒಡೆಯನಿಗೋ ಸಂಬಂಧಪಟ್ಟ ಜಮೀನು ಅವನ ತಾಲೂಕು. ಉತ್ತರದ ತಾಲೂಕ್‌ದಾರರ ಹೆಸರು ಬಂದದ್ದು ಇದರಿಂದ. ಇದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಪದ ಇಲಾಖೆ. ಅದರ ಅರ್ಥವೂ ಸಂಬಂಧ. ಹಿಂದಿಯಲ್ಲಿ ‘ಇಲಾಕಾ’ ಎಂದರೆ ಇವತ್ತಿಗೂ ಪ್ರದೇಶ. ಮರಾಠಿಯಲ್ಲಿ ಮುಂಬಯಿ ಪ್ರೆಸಿಡೆನ್ಸಿ ಪೂರ್ತಿಗೆ ‘ಮುಂಬಯಿ ಇಲಾಖಾ’ ಎನ್ನುತ್ತಿದ್ದರು. ಗುಜರಾತಿನಿಂದ ಕಾರವಾರದವರೆಗೆ ಹಬ್ಬಿದ್ದ ಪದ ಕನ್ನಡದಲ್ಲಿ ಈಗ ಕಂದಾಯ ಇಲಾಖೆ, ಅರಣ್ಯ ಇಲಾಖೆ ಎಂಬ ಬೋರ್ಡುಗಳೊಳಗೆ ಸೇರಿಕೊಂಡಿದೆ. ತಾಲೂಕು ಮತ್ತು ಇಲಾಖೆ ಒಂದೇ ತಾಯಿಯ ಮಕ್ಕಳು ಎಂದು ಯಾರಿಗೂ ಸುಳಿವೇ ಸಿಗದಷ್ಟು ಎರಡೂ ಬೇರೆಯಾಗಿವೆ.

ತಾಲೂಕಿನ ಮುಖ್ಯಸ್ಥನ ಹೆಸರಂತೂ ಹಿಂದೆ ಊರಿಗೊಂದು ಇತ್ತು. ಮದ್ರಾಸಿನ ಆಡಳಿತದಲ್ಲಿದ್ದ ನಮಗೆ ತಹಶೀಲ್ದಾರ. ತಹಶೀಲ್ ಎಂದರೆ ವಸೂಲಿ. ಮೇಲೆ ಕೂತ ಕಲೆಕ್ಟರ್ ಎಂಬ ಇಂಗ್ಲಿಷ್ ಪದದ ಅರ್ಥವೂ ವಸೂಲಿ ಮಾಡುವವ ಎಂದೇ. ಕಂಪನಿಗೆ ಬೇಕಾಗಿದ್ದದ್ದು ಏನು ಎಂಬುದನ್ನು ಎರಡು ಭಾಷೆಯಲ್ಲಿ ಬರೆದಿಟ್ಟ ಹಾಗಿದೆ. ಹಳೇ ಮೈಸೂರಿನಲ್ಲಿ ಅದೇ ಅಧಿಕಾರಿ ಅಮಲ್ದಾರ. ಧಾರವಾಡ, ಬಿಜಾಪುರದ ಕಡೆ, ಹಾಗೆಯೇ ಸೊಲ್ಲಾಪುರದ ಕಡೆ, ಮಾಮ್ಲೇದಾರ. ಅಮಲು ಎಂದರೆ ಕೆಲಸ, ಜಾರಿ. ಮಾಮ್ಲೇದಾರನಲ್ಲಿರುವುದು ವ್ಯವಹಾರ ಎಂಬ ಅರ್ಥದ ‘ಮುಆಮಲ’. ಎರಡೂ ಒಂದೇ ಧಾತುವಿನವು. ಅದೇ ಧಾತುವಿನಿಂದ ಬಂದ ಇನ್ನೊಂದು ಪದ ‘ಮಾಮೂಲು’. ಕಚೇರಿಯ ಮಟ್ಟಿಗೆ ಇವು ಹತ್ತಿರದ ನೆಂಟರು ಎನ್ನಲು ನಿಘಂಟು ಬೇಕಾಗಿಲ್ಲ.

ಕಸಬಾ ಬಗ್ಗೆ ನೀವು ಕೇಳಿಲ್ಲ. ಆದರೂ ಒಂದು ಮಾತು. ಕಾಸರಗೋಡು ಪೇಟೆಯ ಕಡಲ ಬದಿಗೆ ‘ಕಸಬ’ ಎಂಬ ಜಾಗವಿದೆ. ಕರ್ನಾಟಕದಲ್ಲಿ ಊರೂರಿಗೆ ‘ಕಸಬಾ ಹೋಬಳಿ’ ಇದೆ. ಅರಬ್ಬಿಯ ‘ಕಸಬ’ ಎಂದರೆ ಒಂದು ಪ್ರದೇಶದ ಮುಖ್ಯ ಪೇಟೆ. ನಮ್ಮ ಕಸುಬಿಗೂ ಅದಕ್ಕೂ ಸಂಬಂಧವಿಲ್ಲ.

ಈಗ ನಿಮ್ಮ ಅಜ್ಜನ ಪತ್ರದ ಮಾಗಣೆ. ಅದು ಜಿಲ್ಲೆಗೆ ಸಮನಾದ ಪದವಲ್ಲ, ತಾಲೂಕಿಗಿಂತಲೂ ಚಿಕ್ಕದು. ಹಲವು ಗ್ರಾಮಗಳು ಸೇರಿ ಒಂದು ಮಾಗಣೆ, ಹಲವು ಮಾಗಣೆ ಸೇರಿ ಒಂದು ತಾಲೂಕು. ಘಟ್ಟದ ಮೇಲಿನವರ ಹೋಬಳಿಯ ಹಾಗೆ ಎಂದುಕೊಳ್ಳಬಹುದು. ಕಂಪನಿಯವರು ಬಂದಾಗ ಇಲ್ಲಿ ಈ ಏರ್ಪಾಟು ಆಗಲೇ ಇತ್ತು. ಅವರು ಮೇಲೆ ಜಿಲ್ಲೆ, ತಾಲೂಕು ಎಂದು ತಮ್ಮ ಪದ ಕೂರಿಸಿದರು. ಕೆಳಗಿನ ಮಾಗಣೆ, ಗ್ರಾಮಗಳನ್ನು ಹಾಗೆಯೇ ಬಿಟ್ಟರು. ಅದಕ್ಕೇ ಹಳೆಯ ಪತ್ರಗಳ ತಲೆಯಲ್ಲಿ ಎರಡು ಅರಬ್ಬಿ ಪದ, ಆಮೇಲೆ ಊರಿನ ಪದಗಳು, ಕೊನೆಗೆ ‘ಸರ್ವೆ ನಂಬ್ರ’ ಎಂದು ಇಂಗ್ಲಿಷಿನ ನಂಬರನ್ನು ಕರಾವಳಿಯ ಬಾಯಿಗೆ ತಿರುಗಿಸಿದ ಪದ. ಅದನ್ನು ಬರೆದ ಶಾನುಭಾಗರ ಹೆಸರೂ ಹಳೆಯದೇ. ಶಾಸನಗಳಲ್ಲಿ ಸೇನಬೋವ ಎಂದು ಬರುವವನೇ ಶಾನುಭಾಗ. ಪಟೇಲ, ಶಾನುಭಾಗ, ಉಗ್ರಾಣಿ ಎಂಬ ಮೂವರು ಗ್ರಾಮದ ಕಂದಾಯ ನೋಡಿಕೊಳ್ಳುತ್ತಿದ್ದರು. ಪಯ್ಯನ್ನೂರಿನಿಂದ ಆಚೆಗಿನ ಮಲಬಾರಿನಲ್ಲಿ ವ್ಯವಸ್ಥೆ ಬೇರೆ. ಅಲ್ಲಿನ ಹಳೆಯ ಪತ್ರಗಳಲ್ಲಿ ಮಾಗಣೆ ಸಿಗುವುದಿಲ್ಲ. ಅಂಶಂ, ದೇಶಂ ಎಂದಿರುತ್ತದೆ. ಗ್ರಾಮದ ಮುಖ್ಯಸ್ಥನಿಗೆ ‘ಅಧಿಕಾರಿ’ ಎನ್ನುತ್ತಿದ್ದರು. ಒಂದು ಹಳೆಯ ಪತ್ರದ ಮೇಲ್ಭಾಗ ಹರಿದು ಹೋಗಿದ್ದರೂ, ಮಾಗಣೆಯೋ ಅಂಶಮೋ ಎಂದು ನೋಡಿ ಅದು ಯಾವ ಜಿಲ್ಲೆಯದ್ದು ಎಂದು ಹೇಳಬಹುದು.

ಮಾಗಣೆ ಕಂದಾಯದ ಕಡತದಿಂದ ಮಾಯವಾಗಿದೆ. ಹಾಗಂತ ಸತ್ತಿಲ್ಲ. ದೈವದ ನೇಮಕ್ಕೆ ಹೋಗಿ ನಿಂತು ಕೇಳಿ. ಮಾಗಣೆ, ಗ್ರಾಮ, ಗುತ್ತು (ಊರಿನ ದೊಡ್ಡ ಮನೆತನ) ಎಂಬ ಲೆಕ್ಕ ಅಲ್ಲಿ ಇವತ್ತಿಗೂ ನಡೆಯುತ್ತದೆ. ಮಾಗಣೆಗಿಂತ ದೊಡ್ಡದಾದ ‘ಸೀಮೆ’ಯೂ ಹಾಗೆಯೇ. ಕುಂಬಳೆ ಅರಸರ ಆಳ್ವಿಕೆ ಹೋಗಿ ಎಷ್ಟೋ ಕಾಲವಾಯಿತು. ಕುಂಬಳೆ ಸೀಮೆ ಮಾತ್ರ ಉಳಿದಿದೆ. ಸೀಮೆಯ ನಾಲ್ಕು ದೇವಸ್ಥಾನಗಳನ್ನು ‘ಅಡೂರು, ಮಧೂರು, ಕಾವು, ಕಣಿಯಾರ’ ಎಂದು ಒಂದೇ ಉಸಿರಿನಲ್ಲಿ ಹೇಳುವ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಕಾವು ಎಂದರೆ ಮುಜುಂಗಾವು, ಕಣಿಯಾರ ಎಂದರೆ ಕುಂಬಳೆಯ ಗೋಪಾಲಕೃಷ್ಣ. ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಬರುವುದು ಸೀಮೆಯ ಲೆಕ್ಕದಲ್ಲಿ, ತಾಲೂಕಿನ ಲೆಕ್ಕದಲ್ಲಿ ಅಲ್ಲ. ಸರಕಾರ ಬಿಟ್ಟ ಪದಗಳನ್ನು ದೇವಸ್ಥಾನ, ದೈವಸ್ಥಾನಗಳು ಇಟ್ಟುಕೊಂಡಿವೆ. ನನಗೆ ಈ ಇಡೀ ವಿಷಯದಲ್ಲಿ ಜಾಸ್ತಿ ಇಷ್ಟವಾಗುವ ಭಾಗ ಇದೇ.

ಅದಕ್ಕೂ ಹಿಂದ್ಹೋದರೆ ನಮ್ಮದೇ ಪದ ‘ನಾಡು’ ಇತ್ತು. ಅಪ್ಪಟ ದ್ರಾವಿಡ ಪದ. ಕನ್ನಡ, ತಮಿಳು, ಮಲಯಾಳ ಮೂರರಲ್ಲೂ ಇದೆ. ಈಗ ನಾಡು ಎಂದರೆ ಇಡೀ ರಾಜ್ಯವೋ ದೇಶವೋ ಆಗಿಬಿಟ್ಟಿದೆ. ಶಾಸನಗಳ ಕಾಲದಲ್ಲಿ ಅದು ಕೆಲವು ಊರುಗಳ ಗುಂಪು. ನಾಡಗೌಡ ಎಂಬ ಮನೆತನದ ಹೆಸರಿನಲ್ಲಿ ಆ ಹಳೆಯ ಅಳತೆ ಉಳಿದಿದೆ. ಮಲಬಾರಿನಲ್ಲಿ ನಾಡುವಾಳಿ ಎಂಬ ಸಣ್ಣ ಒಡೆಯನ ನಾಡೂ ಅಷ್ಟೇ. ಜಿಲ್ಲೆಯಷ್ಟು ದೊಡ್ಡದಾದರೆ ವಿಷಯ, ಮಂಡಲ ಎಂಬ ಸಂಸ್ಕೃತ ಹೆಸರುಗಳು ಬರುತ್ತಿದ್ದವು. ಇನ್ನೊಂದು ವಿಚಿತ್ರ ವಾಡಿಕೆ ಕನ್ನಡನಾಡಿನಲ್ಲಿ ಬಹಳ ಕಾಣುತ್ತದೆ. ಹೆಸರಿನ ಜೊತೆ ಒಂದು ಸಂಖ್ಯೆ ಹಚ್ಚುವುದು. ಬನವಾಸಿ 12000, ಗಂಗವಾಡಿ 96000, ನೊಳಂಬವಾಡಿ 32000, ಪುಲಿಗೆರೆ 300, ಹಾನುಂಗಲ್ 500. ಊರುಗಳ ಲೆಕ್ಕವೋ ಹುಟ್ಟುವಳಿಯ ಲೆಕ್ಕವೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ಗಂಗವಾಡಿಯಲ್ಲಿ ನಿಜವಾಗಿ 96000 ಊರುಗಳಿದ್ದವು ಎಂದು ನಂಬುವುದು ಕಷ್ಟ. ಈ ಪಟ್ಟಿಯಲ್ಲಿ ಇವತ್ತಿನ ಕರ್ನಾಟಕದ ಹೊರಗಿನ ಜಾಗಗಳೂ ಬರುತ್ತವೆ. ಮಹಾರಾಷ್ಟ್ರದ ಕರ್ಹಾಡ 4000 ಆಗಿತ್ತು. ನೊಳಂಬರ ರಾಜಧಾನಿ ಹೆಂಜೇರು ಎಂದರೆ ಆಂಧ್ರದ ಮಡಕಶಿರ ಬಳಿಯ ಹೇಮಾವತಿ.

ನಮ್ಮ ಕರಾವಳಿಯಲ್ಲಿ ವಿಜಯನಗರದ ಕಾಲಕ್ಕೆ ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂಬ ಎರಡು ದೊಡ್ಡ ವಿಭಾಗಗಳಿದ್ದವು. ರಾಜ್ಯ ಎಂಬ ಪದ ಆಗ ಸಾಮ್ರಾಜ್ಯದ ಒಂದು ಪಾಲು. ಮಂಗಳೂರು ಒಂದು ರಾಜ್ಯವಾಗಿತ್ತು ಎಂದರೆ ಈಗಿನ ಮಕ್ಕಳು ನಗಬಹುದು. ಇಂಥ ಪದಗಳ ಮೇಲೆ ಅಳತೆಯ ನಂಬಿಕೆ ಇಡಬಾರದು. ಹಿಂದೆ ಚೋಳಮಂಡಲ ಎಂದರೆ ಒಂದು ಇಡೀ ಚೋಳನಾಡು. ಕೋರಮಂಡಲ ತೀರ ಎಂಬ ಹೆಸರು ಅದರಿಂದಲೇ. ಅದೇ ಮಂಡಲ 1985ರಲ್ಲಿ ಆಂಧ್ರದಲ್ಲಿ ತಾಲೂಕನ್ನು ಒಡೆದು ಮಾಡಿದ ಸಣ್ಣ ತುಂಡಿನ ಹೆಸರಾಯಿತು. ಕರ್ನಾಟಕದ 1983ರ ಕಾನೂನಿನಲ್ಲಿ ಇನ್ನೂ ಸಣ್ಣದಾಗಿ, ಕೆಲವು ಹಳ್ಳಿಗಳ ಮಂಡಲ ಪಂಚಾಯತ್ ಆಯಿತು. ಮಲಬಾರಿನಲ್ಲಿ ದೇಶಂ ಎಂದರೆ ಒಂದು ಹಳ್ಳಿಯ ಪಾಲು. ದೊಡ್ಡ ಹೆಸರು ಸಣ್ಣ ನೆಲಕ್ಕೆ ಇಳಿಯುವುದೂ, ನಾಡಿನಂಥ ಸಣ್ಣ ಹೆಸರು ದೊಡ್ಡ ನೆಲಕ್ಕೆ ಏರುವುದೂ ಮೊದಲಿನಿಂದಲೂ ನಡೆದಿದೆ.

ಹಾಗಾದರೆ ಜಿಲ್ಲೆಯನ್ನು ಬಿಟ್ಟು ನಮ್ಮದೇ ಪದ ಬಳಸಬಾರದೇ ಎಂದು ಕೆಲವರು ಕೇಳುತ್ತಾರೆ. ತಮಿಳರು ಹಾಗೆ ಮಾಡಿದ್ದಾರೆ. ಹೊಸೂರಿನಲ್ಲಿರುವ ಕನ್ನಡಿಗರು ಬೋರ್ಡಿನ ಮೇಲೆ ‘ಕೃಷ್ಣಗಿರಿ ಮಾವಟ್ಟಂ’ ಎಂದು ಓದುತ್ತಾರೆ. ವಟ್ಟಂ ಎಂದರೆ ವೃತ್ತ, ಅದು ತಾಲೂಕು. ಮಾವಟ್ಟಂ ಎಂದರೆ ದೊಡ್ಡ ವೃತ್ತ, ಅದು ಜಿಲ್ಲೆ. ಚೆಂದದ ಪದವೇ. ಆದರೂ ಹೊಸೂರಿನ ಸಂತೆಯಲ್ಲಿ ತಾಲೂಕು ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಅಕ್ಕಲಕೋಟೆ, ಜತ್ತದ ಕಡೆಯವರು ಮರಾಠಿಯ ‘ಜಿಲ್ಹಾ’ ನೋಡುತ್ತಾರೆ. ಆ ಹಕಾರ ಮೂಲ ಪದದ ಕೊನೆಯ ಗಂಟಲಿನ ಸದ್ದನ್ನು ಹಿಡಿಯಲು ಮಾಡಿದ ಪ್ರಯತ್ನದಂತೆ ಕಾಣುತ್ತದೆ. ನಾವು ಆ ಸದ್ದನ್ನು ಬಿಟ್ಟು ಲಕಾರವನ್ನು ಒತ್ತಿದೆವು. 1953ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಹೋದ ಆದೋನಿ, ಆಲೂರು, ರಾಯದುರ್ಗದವರಿಗೆ ಜಿಲ್ಲೆ ಉಳಿಯಿತು, ಮುಂದೆ ತಾಲೂಕು ಹೋಗಿ ಮಂಡಲ ಬಂತು. ನನ್ನ ಅಭಿಪ್ರಾಯ ಕೇಳಿದರೆ, ಇನ್ನೂರು ವರ್ಷ ಅರ್ಜಿ ಬರೆದು ಬರೆದು ಜಿಲ್ಲೆಯನ್ನು ನಾವು ನಮ್ಮದು ಮಾಡಿಕೊಂಡಿದ್ದೇವೆ. ಅದನ್ನು ಓಡಿಸಬೇಕಾಗಿಲ್ಲ.

ನಿಮ್ಮ ಮಗಳ ಉಪಜಿಲ್ಲೆಗೆ ಅವಳದೇ ಉತ್ತರ ಬೇಕಲ್ಲ. ಅದು ಕಂದಾಯದ ವಿಭಾಗವಲ್ಲ. ಕೇರಳದ ಶಿಕ್ಷಣ ಇಲಾಖೆ ಜಿಲ್ಲೆಯನ್ನು ತನ್ನ ಅನುಕೂಲಕ್ಕೆ ಹಂಚಿಕೊಂಡದ್ದು. ಕಾಸರಗೋಡಿನಲ್ಲಿ ಮಂಜೇಶ್ವರ, ಕುಂಬಳೆ, ಕಾಸರಗೋಡು, ಬೇಕಲ, ಹೊಸದುರ್ಗ, ಚೆರುವತ್ತೂರು, ಚಿತ್ತಾರಿಕ್ಕಲ್ ಎಂದು ಏಳು ಉಪಜಿಲ್ಲೆಗಳಿವೆ. ಕರ್ನಾಟಕದ ಶಾಲೆಗಳಲ್ಲಿ ಈ ಪದ ಬಳಕೆಯಲ್ಲಿಲ್ಲ. ಅವಳು ಪುತ್ತೂರಿನ ನೆಂಟರ ಮಕ್ಕಳಿಗೆ ‘ಉಪಜಿಲ್ಲೆಯಲ್ಲಿ ಪ್ರೈಜ್ ಬಂತು’ ಎಂದರೆ ಅವರಿಗೆ ಗೊತ್ತಾಗಲಿಕ್ಕಿಲ್ಲ. ಸಂಸ್ಕೃತದ ಉಪ, ಅರಬ್ಬಿಯ ಜಿಲ್ಲೆ, ಬಳಸುವವರು ಕೇರಳದ ಕನ್ನಡ ಮಕ್ಕಳು. ಇದು ಕನ್ನಡವಾ ಮಲಯಾಳವಾ ಎಂದು ಕೇಳಿದರೆ ಎರಡೂ ಹೌದು ಎನ್ನಬಹುದು. ಎರಡು ಭಾಷೆಯೂ ಒಂದೇ ಕಚೇರಿಯಿಂದ ಈ ಪದವನ್ನು ಪಡೆದವು. ಒಂದರಿಂದ ಇನ್ನೊಂದು ಸಾಲ ತಂದದ್ದಲ್ಲ.

ಕೊನೆಗೆ ನಿಮ್ಮ ಪತ್ರದ ಬಗ್ಗೆ ಒಂದು ಉಪಯೋಗದ ವಿಷಯ. ಹಳೆಯ ಪತ್ರದ ತಲೆಯಲ್ಲಿರುವ ಜಿಲ್ಲೆಯ ಹೆಸರಿಗೂ ತಾರೀಕಿಗೂ ತಾಳೆ ಇರಬೇಕು. ಮೊದಲು ಅವಿಭಜಿತ ಕೆನರಾ. ಅದು ಎರಡಾಗಿ, ಉತ್ತರದ ಭಾಗ 1862ರಲ್ಲಿ ಮುಂಬಯಿಗೆ ಹೋದ ಮೇಲೆ ನಮ್ಮದು ದಕ್ಷಿಣ ಕನ್ನಡ. ಹಾಗಾಗಿ 1956ರ ಅಕ್ಟೋಬರ್ 31ರವರೆಗಿನ ಪತ್ರದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಎಂದೇ ಇರಬೇಕು. ನವೆಂಬರ್ 1ಕ್ಕೆ ಕೇರಳ ಆಯಿತು. ಕಾಸರಗೋಡು ಮಲಬಾರ್ ಜಿಲ್ಲೆಗೆ ಸೇರಿತು. 1957ರ ಜನವರಿ 1ಕ್ಕೆ ಮಲಬಾರನ್ನು ಮೂರು ಮಾಡಿದಾಗ ನಾವು ಕಣ್ಣೂರಿನ ಪಾಲಾದೆವು. ಆ ವರ್ಷವೇ ದಕ್ಷಿಣದ ಭಾಗ ಹೊಸದುರ್ಗ ತಾಲೂಕು ಎಂದು ಬೇರೆಯಾಯಿತು. 1984ರ ಮೇ 24ಕ್ಕೆ ಕಾಸರಗೋಡೇ ಜಿಲ್ಲೆಯಾಯಿತು. 2014ರ ಹೊತ್ತಿಗೆ ಮಂಜೇಶ್ವರ, ವೆಳ್ಳರಿಕುಂಡು ಎಂಬ ಎರಡು ಹೊಸ ತಾಲೂಕುಗಳು ಬಂದವು. 1950ರಲ್ಲಿ ಬದಿಯಡ್ಕದಲ್ಲಿ ಹುಟ್ಟಿದವರು ಮನೆ ಬಿಟ್ಟು ಕದಲದೆ ನಾಲ್ಕು ಜಿಲ್ಲೆಗಳಲ್ಲಿ ಬದುಕಿದ್ದಾರೆ. ಅದರಲ್ಲಿ ಮಲಬಾರ್ ಸಿಕ್ಕಿದ್ದು ಬರೀ ಎರಡು ತಿಂಗಳು. ‘ಮಲಬಾರ್ ಜಿಲ್ಲೆ, ಕಾಸರಗೋಡು ತಾಲೂಕು’ ಎಂದು ಬರೆದ ಪತ್ರ ಆ 61 ದಿನಗಳಲ್ಲಿ ಮಾತ್ರ ಹುಟ್ಟಲು ಸಾಧ್ಯ. ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಅಂಥದ್ದೇನಾದರೂ ಸಿಕ್ಕಿದರೆ ದಯವಿಟ್ಟು ಒಂದು ಫೋಟೋ ತೆಗೆದು ಕಳಿಸಿ.